ಒಂಟಿ ಮನೆಯ ಮೊದಲ 90 ದಿನ: ಯಾವುದು ಮೊದಲು, ಯಾವುದು ಆಮೇಲೆ

ಕೆಲಸಕ್ಕೆಂದು ಮನೆ ಬಿಟ್ಟು ದೂರ ಹೋಗಿ ಒಬ್ಬರೇ ಇರತೊಡಗಿದವರು ಮೊದಲ ಹದಿನೈದು ದಿನದಲ್ಲಿ ಎಡವುವುದಿಲ್ಲ. ಆಗ ಹುರುಪು ಇರುತ್ತದೆ, ಹೊಸ ಬೀಗದ ಕೈ ಜೇಬಿನಲ್ಲಿ ಗಿಲಿಗಿಲಿ ಎನ್ನುತ್ತಿರುತ್ತದೆ. ಎಡವುವುದು ಎರಡನೇ ತಿಂಗಳಲ್ಲಿ. ಸಿಂಕಿನಲ್ಲಿ ಮೂರು ದಿನದ ಪಾತ್ರೆ, ಕುರ್ಚಿಯ ಮೇಲೆ ಒಗೆದದ್ದೋ ಒಗೆಯದ್ದೋ ತಿಳಿಯದ ಬಟ್ಟೆ ರಾಶಿ, ರಾತ್ರಿ ಎರಡು ಗಂಟೆಗೆ ಕೈಯಲ್ಲಿ ಫೋನು, ತಿಂಗಳ ಇಪ್ಪತ್ತಕ್ಕೇ ಬರಿದಾದ ಖಾತೆ. ನಾನು ಎರಡು ಊರುಗಳಲ್ಲಿ ಹೀಗೆ ಮುಗ್ಗರಿಸಿ ಮೂರನೆಯದರಲ್ಲಿ ಕಾಲೂರಿದವನು. ನನ್ನ ಹಿಂದೆ ಹೊರಟ ಕಿರಿಯರು ಫೋನು ಮಾಡಿ ತೋಡಿಕೊಳ್ಳುವ ಗೋಳೂ ಇದೇ, ಹೆಚ್ಚುಕಡಿಮೆ ಇದೇ ಕ್ರಮದಲ್ಲಿ.

ಇದಕ್ಕೆ ಸೋಮಾರಿತನ ಕಾರಣವಲ್ಲ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ಕೈ ಅಲ್ಲಾಡಿಸದೆಯೂ ಒಂದು ಕೆಲಸ ಮಾಡುತ್ತಿರುತ್ತಾರೆ, ಗಮನಿಸುತ್ತಿರುತ್ತಾರೆ. ‘ಏನೋ ಸೀದ ವಾಸನೆ’, ‘ಮೈ ಬಿಸಿ ಇದೆಯಲ್ಲ’, ‘ಇನ್ನೂ ಮಲಗಿಲ್ವಾ’, ‘ಬಿಲ್ಲು ಕಟ್ಟಿದೆಯಾ’. ಒಬ್ಬರೇ ಇರತೊಡಗಿದಾಗ ಕಳೆದುಹೋಗುವುದು ಆ ಕಣ್ಣು. ಅದರ ಜಾಗದಲ್ಲಿ ಒಂದು ಚೀಟಿಯೋ, ಅಲಾರಾಮೋ, ನೆರೆಯವರೋ, ವಾರದ ಒಂದು ನಿಗದಿತ ಹೊತ್ತೋ ಬರಬೇಕು. ಕೆಳಗಿನ ಹಂತಗಳೆಲ್ಲ ಆ ಕಣ್ಣಿಗೆ ಬದಲಿ ಹೂಡುವ ಕೆಲಸವೇ.

90 ದಿನ ಯಾಕೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಹೊಸ ರೂಢಿ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನದಷ್ಟು ಎಂಬ ಅಂದಾಜು. 21 ದಿನದಲ್ಲಿ ರೂಢಿ ಕೂರುತ್ತದೆ ಎಂಬ ಜನಜನಿತ ಮಾತು ನಂಬಿ ಮೂರನೇ ವಾರದಲ್ಲೇ ‘ನನ್ನ ಕೈಲಾಗದು’ ಎಂದು ಬಿಟ್ಟವರು ಬಹಳ ಮಂದಿ.

## ಕೈಲಿರಬೇಕಾದ ಸಲಕರಣೆ

ಹೊರಡುವ ಮುಂಚೆಯೇ ಕೂಡಿಸಿಕೊಳ್ಳಿ: ಥರ್ಮಾಮೀಟರ್, ಟಾರ್ಚು, ಒಂದು ಸ್ಕ್ರೂಡ್ರೈವರ್, ಉದ್ದ ತಂತಿಯ ಚಾರ್ಜರ್, ಪವರ್ ಬ್ಯಾಂಕು, ದಪ್ಪ ರಟ್ಟಿನ ಒಂದು ನೋಟ್‌ಬುಕ್ಕು, ಮುಚ್ಚಳ ಬಿಗಿಯಾಗಿ ಕೂರುವ ನಾಲ್ಕೈದು ಡಬ್ಬಿ, ತಳ ದಪ್ಪವಿರುವ ಮುಚ್ಚಳದ ಒಂದು ಪಾತ್ರೆ. ಉಳಿದದ್ದೆಲ್ಲ ಅಲ್ಲೇ ಸಿಗುತ್ತದೆ.

ನೋಟ್‌ಬುಕ್ಕು ಯಾಕೆ, ಫೋನಿದೆಯಲ್ಲ ಎನ್ನಬೇಡಿ. ಒಬ್ಬರೇ ಇರುವವರ ಬದುಕಿನ ಅಷ್ಟೂ ಬಾಗಿಲುಗಳ ಕೀಲಿ ಆ ಫೋನಿನಲ್ಲೇ ಇರುತ್ತದೆ. ಅದು ಕೈಕೊಟ್ಟ ದಿನ ಪಕ್ಕದಲ್ಲಿ ಎರವಲು ಕೊಡಲು ಇನ್ನೊಂದು ಫೋನು ಇರುವುದಿಲ್ಲ.

## ಹಂತ 1: ಸಾಮಾನು ಇಳಿಸುವ ಮುಂಚೆ ಖಾಲಿ ಮನೆ (ಮೊದಲ ದಿನ)

ಬಹುತೇಕರು ಬಾಗಿಲು ತೆರೆದ ಕೂಡಲೇ ಪೆಟ್ಟಿಗೆ ಬಿಚ್ಚುತ್ತಾರೆ. ತಡೆಯಿರಿ. ಒಂದು ಗಂಟೆ ಖಾಲಿ ಮನೆಯೊಂದಿಗೆ ಕಳೆಯಿರಿ.

1. ಗೋಡೆಯ ಬಿರುಕು, ನೆಲದ ಕಲೆ, ಒಡೆದ ಗಾಜು, ತೇವದ ಗುರುತು ಎಲ್ಲದರ ಫೋಟೊ ತೆಗೆದು ಅದೇ ದಿನ ಮನೆ ಮಾಲೀಕರಿಗೆ ಕಳಿಸಿ. ಆರು ತಿಂಗಳ ಮೇಲೆ ಮುಂಗಡ ಮರಳಿ ಪಡೆಯುವಾಗ ನಿಮ್ಮ ಪರ ಮಾತಾಡುವುದು ಆ ತಾರೀಕು ಒಂದೇ.
2. ಮೀಟರುಗಳ ಅಂಕಿ ಬರೆದುಕೊಳ್ಳಿ.
3. ನೀರಿನ ಮುಖ್ಯ ವಾಲ್ವು, ವಿದ್ಯುತ್ತಿನ ಮುಖ್ಯ ಸ್ವಿಚ್ಚು, ಗ್ಯಾಸಿನ ವಾಲ್ವು ಎಲ್ಲಿವೆ ಎಂದು ಹುಡುಕಿ, ಮೂರನ್ನೂ ಒಮ್ಮೆ ನಿಮ್ಮ ಕೈಯಾರೆ ಮುಚ್ಚಿ ತೆರೆಯಿರಿ. ಎಲ್ಲಿದೆ ಎಂದು ಗೊತ್ತಿದ್ದರೆ ಸಾಲದು, ತಿರುಗುತ್ತದೋ ಇಲ್ಲವೋ ನೋಡಬೇಕು.
4. ಬೀಗ ಬದಲಿಸಲು ಒಪ್ಪಿಗೆ ಕೇಳಿ. ನಿಮಗಿಂತ ಮುಂಚೆ ಇದ್ದವರ ಕೀಲಿ ಎಷ್ಟು ಕೈ ದಾಟಿದೆಯೋ ಯಾರು ಬಲ್ಲರು.

ಮೂರನೆಯದನ್ನು ನಾನು ಬಿಟ್ಟಿದ್ದೆ. ಒಂದು ರಾತ್ರಿ ಸ್ನಾನದ ಮನೆಯ ಪೈಪು ಬಿಟ್ಟುಕೊಂಡಾಗ ವಾಲ್ವು ಸಿಕ್ಕಿತು, ಆದರೆ ತುಕ್ಕು ಹಿಡಿದು ಕೂತಿತ್ತು. ಒಂದು ಕೈಯಲ್ಲಿ ಪೈಪು ಅದುಮಿ, ಇನ್ನೊಂದರಲ್ಲಿ ಫೋನು ಹಿಡಿದು, ಯಾರಿಗೆ ಕರೆ ಮಾಡಬೇಕೆಂದೇ ತೋಚದೆ ನಿಂತ ಹತ್ತು ನಿಮಿಷ ನನಗೆ ಮುಂದಿನ ಹಂತವನ್ನು ಕಲಿಸಿತು.

## ಹಂತ 2: ಮೂರು ಜನ, ಎರಡು ಕೀಲಿ, ಒಂದು ಹಾಳೆ (ಮೊದಲ ವಾರ)

ಮೊದಲ ವಾರದಲ್ಲಿ ಗೆಳೆಯರು ಸಿಗಬೇಕಿಲ್ಲ. ಮೂರು ಪಾತ್ರಗಳಿಗೆ ಮೂವರು ಸಿಕ್ಕರೆ ಸಾಕು.

ಮೊದಲನೆಯವರು ಐದು ನಿಮಿಷದಲ್ಲಿ ನಿಮ್ಮ ಬಾಗಿಲಿಗೆ ಬರಬಲ್ಲ ನೆರೆಯವರು. ಎರಡನೆಯವರು ನೀವು ಕೆಲಸಕ್ಕೆ ಬಾರದಿದ್ದರೆ ಅದೇ ದಿನ ಗಮನಿಸುವ ಸಹೋದ್ಯೋಗಿ. ಮೂರನೆಯವರು ಮನೆಯ ಕಡೆಯ ಒಬ್ಬರು, ಮೊದಲಿಬ್ಬರ ಫೋನ್ ನಂಬರು ಇಟ್ಟುಕೊಂಡಿರುವವರು. ಈ ಮೂರನೆಯ ಕೊಂಡಿಯನ್ನೇ ಎಲ್ಲರೂ ಮರೆಯುತ್ತಾರೆ. ನೀವು ಫೋನೆತ್ತದಿದ್ದಾಗ ಸಾವಿರ ಮೈಲಿ ಆಚೆ ಕೂತವರು ಗಾಬರಿಯಾಗಿ ನಿಮಗೇ ನಲವತ್ತು ಸಲ ಕರೆ ಮಾಡುತ್ತಿರುತ್ತಾರೆ, ಯಾಕೆಂದರೆ ಅವರ ಹತ್ತಿರ ಬೇರೆ ನಂಬರೇ ಇಲ್ಲ.

ನೆರೆಯವರನ್ನು ಕೇಳುವುದು ಹೇಗೆ ಎಂದು ಹಿಂಜರಿಯುವವರಿಗೆ: ದೊಡ್ಡ ಪರಿಚಯ ಬೇಡ. ‘ನಾನು ಪಕ್ಕದ ಮನೆಗೆ ಹೊಸಬ, ಒಬ್ಬನೇ ಇದ್ದೇನೆ, ತುರ್ತಿಗೆ ನಿಮ್ಮ ನಂಬರು ಇಟ್ಟುಕೊಳ್ಳಬಹುದೇ, ನನ್ನದೂ ಇಟ್ಟುಕೊಳ್ಳಿ’. ಇಷ್ಟೇ. ಕೊನೆಯ ತುಣುಕು ಮುಖ್ಯ. ಕೊಡುವ ಮಾತು ಜೊತೆಗಿದ್ದರೆ ಕೇಳುವುದು ಹಗುರ. ಒಬ್ಬರೇ ಇರುವ ಸುದ್ದಿಯನ್ನು ಮಾತ್ರ ಆರಿಸಿಕೊಂಡವರಿಗೆ ಹೇಳಿ, ಸಿಕ್ಕಸಿಕ್ಕವರಿಗಲ್ಲ.

ಕೀಲಿಯ ವಿಷಯ: ಎರಡನೇ ಕೀಲಿ ಮನೆಯ ಒಳಗಿದ್ದರೆ ಅದು ಎರಡನೇ ಕೀಲಿಯಲ್ಲ. ನಂಬುವ ಸಹೋದ್ಯೋಗಿಯ ಬಳಿಯೋ ಕೆಲಸದ ಜಾಗದ ನಿಮ್ಮ ಬೀಗದ ಡ್ರಾಯರಿನಲ್ಲೋ ಇರಲಿ. ಕಾಲೊರೆಸಿನ ಕೆಳಗೆ, ಹೂಕುಂಡದೊಳಗೆ ಬೇಡ. ಕಳ್ಳರೂ ಮೊದಲು ಹುಡುಕುವುದು ಅಲ್ಲೇ.

ಇನ್ನು ಹಾಳೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಮೂವರ ನಂಬರು, ಮನೆಯ ಪೂರ್ತಿ ವಿಳಾಸ, ಆ ನಾಡಿನ ತುರ್ತು ಸೇವೆಯ ಸಂಖ್ಯೆ, ರಕ್ತದ ಗುಂಪು, ಅಲರ್ಜಿ, ದಿನನಿತ್ಯದ ಔಷಧಿ ಬರೆಯಿರಿ. ಇದನ್ನೇ ಫೋನಿನ ತುರ್ತು ವೈದ್ಯಕೀಯ ಮಾಹಿತಿಯಲ್ಲೂ ತುಂಬಿ, ಲಾಕ್ ತೆಗೆಯದೆ ಕಾಣುವಂತೆ ಇಡಿ. ಎರಡು ಹಂತದ ಲಾಗಿನ್ ಇರುವ ಇಮೇಲಿನಂಥ ಖಾತೆಗಳು ಕೊಡುವ ರಿಕವರಿ ಕೋಡುಗಳನ್ನು (ಫೋನು ಇಲ್ಲದಿದ್ದರೂ ಖಾತೆ ತೆರೆಯಲು ನೆರವಾಗುವ ಗುಪ್ತ ಸಂಖ್ಯೆಗಳನ್ನು) ಕಾಗದದ ಮೇಲೆ ಬರೆದು ಬೇರೆಡೆ ಇಡಿ. ದಾಖಲೆಗಳಿಗೆ ಹಳೆಯ ಸೂತ್ರವೇ ಸರಿ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ.

## ಹಂತ 3: ಹಾಸಿಗೆ, ಪರದೆ, ಏಳುವ ಹೊತ್ತು

ಕೊಳ್ಳುವ ಮೊದಲ ವಸ್ತು ಒಳ್ಳೆಯ ಹಾಸಿಗೆ, ಎರಡನೆಯದು ಬೆಳಕು ತಡೆಯುವ ಪರದೆ. ಟಿವಿ, ಸೋಫಾ, ಅಲಂಕಾರದ ದೀಪ ಯಾವುದನ್ನೂ ಮೊದಲ 30 ದಿನ ಕೊಳ್ಳಬೇಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವ ಗಾದೆ ಹೊಸ ಬಾಡಿಗೆ ಮನೆಗಳಿಗೆಂದೇ ಹುಟ್ಟಿದಂತಿದೆ. ತಿಂಗಳು ಕಳೆದ ಮೇಲೆ ನೀವು ಎಲ್ಲಿ ಕೂರುತ್ತೀರಿ, ಎಲ್ಲಿ ಉಣ್ಣುತ್ತೀರಿ ಎಂದು ಮನೆಯೇ ಹೇಳುತ್ತದೆ. ಆಗ ಕೊಳ್ಳಿ.

ನಿದ್ದೆಗೆ ಒಂದೇ ನಿಯಮ ಇಟ್ಟುಕೊಳ್ಳುವುದಾದರೆ ಮಲಗುವ ಹೊತ್ತನ್ನಲ್ಲ, ಏಳುವ ಹೊತ್ತನ್ನು ಗಟ್ಟಿ ಮಾಡಿ, ರಜೆಯ ದಿನವೂ ಸೇರಿ. ಬೇಗ ಮಲಗು ಎಂದು ಗದರುವವರಿಲ್ಲದಾಗ ಮಲಗುವ ಹೊತ್ತು ಜಾರುವುದೇ. ಏಳುವ ಹೊತ್ತು ಜಾರದಿದ್ದರೆ ಎರಡನೇ ರಾತ್ರಿ ದೇಹವೇ ಬೇಗ ಮಲಗಿಸುತ್ತದೆ. ಕಾಫಿಯ ಕೆಫೀನು ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರ ಅರ್ಧ ಹನ್ನೊಂದಕ್ಕೂ ಒಳಗೇ ಇರುತ್ತದೆ.

ಎಚ್ಚರಿಕೆಯ ಗುರುತು: ಉಟ್ಟ ಬಟ್ಟೆಯಲ್ಲೇ, ದೀಪ ಆರಿಸದೆ ನಿದ್ದೆ ಹೋಗುವುದು ವಾರಕ್ಕೆ ಎರಡು ಸಲ ದಾಟಿದರೆ ಸಂಜೆ ಹಳಿ ತಪ್ಪಿದೆ ಎಂದರ್ಥ. ಹಂತ 7ಕ್ಕೆ ಹೋಗಿ.

## ಹಂತ 4: ಅಡುಗೆ, ಅಂದರೆ ಎಂಜಲು ಪಾತ್ರೆಯ ಲೆಕ್ಕ

ಒಬ್ಬರ ಅಡುಗೆ ಕೆಡುವುದು ಒಲೆಯ ಮೇಲಲ್ಲ, ಸಿಂಕಿನಲ್ಲಿ. ನಿನ್ನೆಯ ಪಾತ್ರೆ ಕಂಡರೆ ಇಂದು ಒಲೆ ಹಚ್ಚಲು ಮನಸ್ಸೇ ಬರುವುದಿಲ್ಲ, ಕೈ ಹೊರಗಿನ ಊಟಕ್ಕೆ ಹೋಗುತ್ತದೆ. ಆದ್ದರಿಂದ ಕ್ರಮ ಹೀಗಿರಲಿ:

1. ಒಂದು ತಟ್ಟೆ, ಒಂದು ಬಟ್ಟಲು, ಒಂದು ಲೋಟ ಮಾತ್ರ ಹೊರಗಿಡಿ. ಉಳಿದದ್ದನ್ನು ಪೆಟ್ಟಿಗೆಯಲ್ಲಿ ಕಟ್ಟಿಡಿ. ತೊಳೆಯದೆ ಉಣ್ಣಲು ಸಾಧ್ಯವೇ ಇಲ್ಲದಂತೆ ಮಾಡಿಕೊಳ್ಳುವುದೇ ಉಪಾಯ.
2. ಮೊದಲ ತಿಂಗಳಿಗೆ ನಾಲ್ಕು ಅಡುಗೆ ಸಾಕು. ಮೂರು ಸುಲಭದವು, ಒಂದು ತುಸು ಸಂಭ್ರಮದ್ದು.
3. ವಾರಕ್ಕೆ ಎರಡು ದಿನ ಎರಡರಷ್ಟು ಬೇಯಿಸಿ, ಬಿಸಿ ಇಳಿಯುತ್ತಲೇ ಅಗಲ ಡಬ್ಬಿಗಳಲ್ಲಿ ಹಂಚಿ ಫ್ರಿಜ್ಜಿನಲ್ಲಿಡಿ. ಡಬ್ಬಿಯ ಮೇಲೆ ತಾರೀಕಿನ ಚೀಟಿ ಅಂಟಿಸಿ.
4. ಕೂತು ಉಣ್ಣಿ. ಒಲೆಯ ಮುಂದೆ ನಿಂತು ಪಾತ್ರೆಯಿಂದಲೇ ಉಣ್ಣುವುದು ಶುರುವಾದರೆ ಉಳಿದ ರೂಢಿಗಳೂ ಅದರ ಹಿಂದೆ ಸಾಲಾಗಿ ಕಳಚುತ್ತವೆ. ನನ್ನಲ್ಲಿ ಆದದ್ದು ಹಾಗೆಯೇ.

ತಾರೀಕಿನ ಚೀಟಿ ಹುಚ್ಚಾಟವಲ್ಲ. ‘ಇದು ಮೊನ್ನೆಯದಾ, ಅದರ ಹಿಂದಿನದಾ’ ಎಂದು ಕೇಳಲು ಇನ್ನೊಬ್ಬರಿಲ್ಲ. ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ, 32 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಕೆಯಲ್ಲಿ ಒಂದೇ ಗಂಟೆ. ಫ್ರಿಜ್ಜು 4 ಡಿಗ್ರಿ ಅಥವಾ ಅದಕ್ಕೂ ಕೆಳಗಿರಲಿ. ಅಲ್ಲಿಟ್ಟದ್ದನ್ನು ಮೂರು, ಹೆಚ್ಚೆಂದರೆ ನಾಲ್ಕು ದಿನದಲ್ಲಿ ಮುಗಿಸಿ. ಬೇಯಿಸಿದ ಧಾನ್ಯದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯನ್ನೂ ತಾಳಿ ಉಳಿಯುತ್ತವೆ. ಹೊರಗೇ ಬಿಟ್ಟರೆ ಅವು ಮೊಳೆತು ವಿಷ ಬಿಡುತ್ತವೆ, ಅದರಲ್ಲಿ ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ‘ಚೆನ್ನಾಗಿ ಕುದಿಸಿದರೆ ಆಯಿತು’ ಎನ್ನುವುದು ಈ ವಿಷಯದಲ್ಲಿ ತಪ್ಪು.

ಬೆಂಕಿಯ ಮಾತು ಎರಡೇ. ಬಾಣಲೆಯ ಎಣ್ಣೆ ಹೊತ್ತಿದರೆ ನೀರು ಹಾಕಬೇಡಿ, ಎತ್ತಿಕೊಂಡು ಓಡಬೇಡಿ. ಉರಿ ಆರಿಸಿ, ಮುಚ್ಚಳ ಮುಚ್ಚಿ, ತಣಿಯುವವರೆಗೂ ತೆರೆಯಬೇಡಿ. ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಆರಿಸಲೂ ಕೂಡದು. ವಾಲ್ವು ಮುಚ್ಚಿ, ಕಿಟಕಿ ತೆರೆದು, ಹೊರಗೆ ಹೋಗಿ ಅಲ್ಲಿಂದ ಫೋನು ಮಾಡಿ.

ವಾಸನೆಯೇ ಇಲ್ಲದ ಇನ್ನೊಂದು ಅಪಾಯ ಕಾರ್ಬನ್ ಮಾನಾಕ್ಸೈಡು. ಗ್ಯಾಸ್ ಗೀಸರೋ ಇದ್ದಿಲ ಒಲೆಯೋ ಇರುವ ಮುಚ್ಚಿದ ಕೋಣೆಯಲ್ಲಿ ಅದು ಕೂಡಿಕೊಳ್ಳುತ್ತದೆ. ಮನೆಯಲ್ಲಿದ್ದಾಗ ತಲೆನೋವು, ತಲೆಸುತ್ತು, ಓಕರಿಕೆ, ಹೊರಗೆ ಹೋದರೆ ಆರಾಮ ಎನ್ನಿಸಿದರೆ ಅದನ್ನು ದಣಿವು ಎಂದುಕೊಳ್ಳಬೇಡಿ. ಗಾಳಿಗೆ ಬನ್ನಿ, ವೈದ್ಯರನ್ನು ಕಾಣಿ. ಜೊತೆಗೊಬ್ಬರಿದ್ದಿದ್ದರೆ ‘ನನಗೂ ತಲೆನೋವು’ ಎಂದಿರುತ್ತಿದ್ದರು, ಅದೇ ಸುಳಿವಾಗುತ್ತಿತ್ತು. ಒಬ್ಬರೇ ಇದ್ದಾಗ ಆ ಸುಳಿವು ಸಿಗದು. ಹೀಗಾಗಿ ಒಂದು ಡಿಟೆಕ್ಟರು ಖರ್ಚಿಗೆ ತಕ್ಕದ್ದು.

## ಹಂತ 5: ಸಂಬಳ ಬಂದ ದಿನದ ಅರ್ಧ ಗಂಟೆ

ಮೊದಲು ಬಾಡಿಗೆ, ಬಿಲ್ಲು. ಆಮೇಲೆ ಉಳಿತಾಯ, ಬೇರೆ ಖಾತೆಗೆ. ಉಳಿದದ್ದನ್ನು ವಾರಗಳಿಗೆ ಹಂಚಿ. ಇಲ್ಲೇ ಒಂದು ಲೆಕ್ಕದ ತಪ್ಪಿದೆ, ಅದನ್ನು ಬಹಳ ಜನ ಮಾಡುತ್ತಾರೆ: ನಾಲ್ಕರಿಂದ ಭಾಗಿಸುತ್ತಾರೆ. ವರ್ಷಕ್ಕೆ 52 ವಾರ, ತಿಂಗಳಿಗೆ ಸರಾಸರಿ ನಾಲ್ಕೂಕಾಲು ಮಿಕ್ಕಿ. ಫೆಬ್ರುವರಿ ಬಿಟ್ಟರೆ ಪ್ರತಿ ತಿಂಗಳ ಕೊನೆಗೂ ಎರಡು ಮೂರು ದಿನ ಲೆಕ್ಕದಲ್ಲೇ ಇಲ್ಲದೆ ಉಳಿಯುತ್ತವೆ, ಆ ದಿನಗಳಲ್ಲೇ ಸಾಲ ಹುಟ್ಟುತ್ತದೆ. ಐದರಿಂದ ಭಾಗಿಸಿ. ಮಿಕ್ಕರೆ ನಿಮ್ಮದೇ.

ಉಳಿತಾಯದಲ್ಲೂ ಕ್ರಮವುಂಟು. ದೂರದಲ್ಲಿರುವವರ ಮೊದಲ ಗುರಿ ಮೂರು ತಿಂಗಳ ಖರ್ಚಲ್ಲ, ‘ಈ ರಾತ್ರಿಯೇ ಹೊರಟು ಮನೆ ಸೇರುವ’ ಹಣ. ಕೊನೆಗಳಿಗೆಯ ಟಿಕೆಟ್ಟಿನ ಬೆಲೆ ನೋಡಿ, ಹೋಗಿಬರುವಷ್ಟನ್ನು ಮುಟ್ಟದಂತೆ ಇಡಿ. ಮಧ್ಯರಾತ್ರಿ ಕೆಟ್ಟ ಸುದ್ದಿ ಬಂದಾಗ ಯಾರ ಹತ್ತಿರ ಕೇಳಲಿ ಎಂದು ಪಟ್ಟಿ ನೋಡುವ ಸಂಕಟ ಬೇಡ. ಅದಾದ ಮೇಲೆ ಒಂದು ತಿಂಗಳ ಖರ್ಚು, ನಿಧಾನವಾಗಿ ಮೂರು.

ಎಚ್ಚರಿಕೆಯ ಗುರುತು: ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು ಅಂಜುವುದು. ಮನಸ್ಸಿಗೆ ಗೊತ್ತಿರುವುದನ್ನು ಕಣ್ಣು ನೋಡಲೊಲ್ಲದು, ಅಷ್ಟೇ. ಅದೇ ದಿನ ಕೂತು ನೋಡಿ.

## ಹಂತ 6: ಕಾಯಿಲೆ ಬೀಳುವ ಮುಂಚೆ ಕಾಯಿಲೆಯ ತಯಾರಿ

ಈ ಹಂತ ಎಲ್ಲರೂ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಬಗೆಯದು. ಮೂರನೇ ವಾರದೊಳಗೆ ಮುಗಿಸಿ. ಆರೋಗ್ಯವಾಗಿದ್ದಾಗಲೇ ಹತ್ತಿರದ ವೈದ್ಯರು ಯಾರು, ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು, ಅಲ್ಲಿಗೆ ಹೇಗೆ ಹೋಗುವುದು ಎಂದು ನೋಡಿ ಬನ್ನಿ.

ಹಾಸಿಗೆಯಿಂದ ಕೈಚಾಚಿದರೆ ಸಿಗುವಂತೆ ಒಂದು ಡಬ್ಬಿ ಇರಲಿ: ಥರ್ಮಾಮೀಟರ್, ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜು, ನಿಮ್ಮ ದಿನನಿತ್ಯದ ಔಷಧಿಯ ಒಂದು ವಾರದ ಹೆಚ್ಚುವರಿ, ಬೇಯಿಸದೆ ತಿನ್ನಬಹುದಾದ ಮೂರು ದಿನದ ಆಹಾರ, ಎರಡು ಬಾಟಲಿ ನೀರು, ಪೆನ್ನು. ಓಆರ್‌ಎಸ್ ಮುಗಿದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರವಾಗಬಾರದು, ಮಟ್ಟಸವಾಗಿರಬೇಕು. ಉಪ್ಪು ಹೆಚ್ಚಾದರೆ ಕೆಡುಕು.

ಜ್ವರ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಮಾತ್ರೆ ನುಂಗುವುದಲ್ಲ, ಹಂತ 2ರ ಮೂವರಲ್ಲಿ ಒಬ್ಬರಿಗೆ ಸಂದೇಶ ಕಳಿಸುವುದು: ‘ಜ್ವರ ಇದೆ, ಮಲಗುತ್ತೇನೆ, ಬೆಳಿಗ್ಗೆ ಎಂಟಕ್ಕೆ ಸಂದೇಶ ಹಾಕುತ್ತೇನೆ, ಹಾಕದಿದ್ದರೆ ಕರೆ ಮಾಡಿ’. ಆಮೇಲೆ ನೋಟ್‌ಬುಕ್ಕಿನಲ್ಲಿ ಹೊತ್ತು, ಜ್ವರದ ಅಂಕಿ, ತೆಗೆದುಕೊಂಡ ಮಾತ್ರೆ ಬರೆಯುತ್ತ ಹೋಗಿ. ಜ್ವರದ ಮಂಪರಿನಲ್ಲಿ ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದು ನಿಜವಾಗಿಯೂ ಮರೆತುಹೋಗುತ್ತದೆ. ನಾನು ಒಮ್ಮೆ ಜ್ವರಕ್ಕೊಂದು, ನೆಗಡಿಗೊಂದು ಎಂದು ಎರಡು ಬಗೆಯ ಮಾತ್ರೆ ಎರಡು ದಿನ ನುಂಗಿದ್ದೆ. ಎರಡರಲ್ಲೂ ಇದ್ದದ್ದು ಪ್ಯಾರಾಸಿಟಮಾಲ್. ವಯಸ್ಕರಿಗೆ ಅದರ ಮೇಲ್ಮಿತಿ 24 ಗಂಟೆಗೆ 4 ಗ್ರಾಂ. ಯಕೃತ್ತಿನ ತೊಂದರೆ ಇದ್ದವರಿಗೆ, ಕುಡಿತ ಇರುವವರಿಗೆ, ತೂಕ ಕಡಿಮೆ ಇರುವವರಿಗೆ ಇನ್ನೂ ಕಡಿಮೆ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದದ ತಪ್ಪು ನನ್ನದು. ಓದಿ ಹೇಳುವವರು ಇರಲಿಲ್ಲ, ಅಷ್ಟೇ.

ಇವು ಕಂಡರೆ ಮನೆಯಲ್ಲಿ ಕಾಯಬೇಡಿ: 39.4 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಮೂರು ದಿನವಾದರೂ ಇಳಿಯದ ಜ್ವರ, ಕುಡಿದ ನೀರೂ ನಿಲ್ಲದಂಥ ವಾಂತಿ, ಎಂಟು ಗಂಟೆ ಮೂತ್ರವೇ ಬಾರದಿರುವುದು, ಕತ್ತು ಬಗ್ಗಿಸಲಾಗದ ಬಿಗಿತ, ಉಸಿರಿನ ಕಷ್ಟ, ಮಾತು ತೊದಲುವುದು, ಇದು ಯಾವ ದಿನ ಎಂದು ತಿಳಿಯದಾಗುವುದು.

ಒಬ್ಬರೇ ಇರುವವರು ಬಾಯಿಪಾಠ ಮಾಡಿಕೊಳ್ಳಬೇಕಾದ ಮೂರು ಸಂಗತಿ:

1. ಎದೆ ಹಿಂಡಿದಂಥ ನೋವು, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆ ಬೆವರು. ಮೊದಲು ತುರ್ತು ಸೇವೆಗೆ ಕರೆ. ಎರಡನೆಯದು, ಬಾಗಿಲ ಚಿಲಕ ತೆಗೆದು ಬಾಗಿಲ ಹತ್ತಿರವೇ ಕೂರುವುದು. ಬಂದವರು ಬಾಗಿಲು ಒಡೆಯುವ ಹೊತ್ತು ಉಳಿಯುತ್ತದೆ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ.
2. ಗಂಟಲಲ್ಲಿ ಆಹಾರ ಸಿಕ್ಕಿ ಉಸಿರೇ ಆಡದಿದ್ದರೆ: ಮುಷ್ಟಿಯನ್ನು ಹೊಕ್ಕುಳಿಗಿಂತ ತುಸು ಮೇಲೆ, ಪಕ್ಕೆಲುಬುಗಳ ಕೆಳಗೆ ಒತ್ತಿ, ಇನ್ನೊಂದು ಕೈಯಲ್ಲಿ ಹಿಡಿದು, ಗಟ್ಟಿ ಕುರ್ಚಿಯ ಬೆನ್ನಿಗೋ ಮೇಜಿನ ಅಂಚಿಗೋ ಬಾಗಿ ಒಳಕ್ಕೂ ಮೇಲಕ್ಕೂ ಜೋರಾಗಿ ನೂಕಿ, ತುಣುಕು ಹೊರಬರುವವರೆಗೂ. ಕೆಮ್ಮು ಬರುತ್ತಿದ್ದರೆ ಇದು ಬೇಡ, ಕೆಮ್ಮುತ್ತಲೇ ಇರಿ.
3. ಮುಖ ಒಂದು ಬದಿಗೆ ಜೋತರೆ, ಎತ್ತಿದ ಎರಡು ಕೈಗಳಲ್ಲಿ ಒಂದು ಇಳಿದುಬಿದ್ದರೆ, ಮಾತು ಕಲಸಿದರೆ ಅದು ಪಾರ್ಶ್ವವಾಯುವಿನ ಸೂಚನೆ. ಅನುಮಾನ ಬಂದರೆ ಕನ್ನಡಿಯ ಮುಂದೆ ನಗಿ. ಶುರುವಾದ ಹೊತ್ತು ನೆನಪಿಡಿ, ವೈದ್ಯರು ಮೊದಲು ಕೇಳುವುದು ಅದನ್ನೇ.

ಸ್ನಾನಕ್ಕೆ ಹೋಗುವಾಗ ಫೋನು ಒದ್ದೆಯಾಗದ ಜಾಗದಲ್ಲಿ ಕೈಗೆ ಸಿಗುವಂತಿರಲಿ. ಜಾರುವ ನೆಲಕ್ಕೊಂದು ರಬ್ಬರ್ ಮ್ಯಾಟು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

## ಹಂತ 7: ಕೆಲಸ ಬಿಟ್ಟ ಮೇಲಿನ ಸಂಜೆ

ಇಲ್ಲಿಯವರೆಗಿನದ್ದು ಏರ್ಪಾಟು. ಹೆಚ್ಚಿನವರು ಬೀಳುವುದು ಇಲ್ಲಿ, ಅದೂ ಸದ್ದಿಲ್ಲದೆ.

ಬಾಗಿಲು ತೆರೆದ ಮೊದಲ ಇಪ್ಪತ್ತು ನಿಮಿಷ ಕೂರಬೇಡಿ. ದೀಪ ಹಾಕಿ, ಬಟ್ಟೆ ಬದಲಿಸಿ, ಮುಖ ತೊಳೆದು, ಒಲೆಯ ಮೇಲೆ ಏನಾದರೂ ಇಟ್ಟು, ಆಮೇಲೆ ಕೂರಿ. ಬಂದವರೇ ಫೋನು ಹಿಡಿದು ಹಾಸಿಗೆಗೆ ಒರಗಿದರೆ ಎದ್ದಾಗ ಒಂಬತ್ತೂವರೆ. ಮನೆಯಿಂದಲೇ ಕೆಲಸ ಮಾಡುವವರಿಗೆ ಇದು ಇನ್ನೂ ಕಷ್ಟ, ಬಾಗಿಲು ತೆರೆಯುವ ಗಳಿಗೆಯೇ ಇಲ್ಲ. ಅವರು ಕೆಲಸ ಮುಗಿಸಿ ಒಂದು ಸುತ್ತು ಹೊರಗೆ ನಡೆದು ಮತ್ತೆ ಮನೆಗೆ ‘ಬರಬೇಕು’. ನಾಟಕದಂತೆ ಕಾಣುತ್ತದೆ, ಮೊದಲ ವಾರ ನನಗೂ ನಗು ಬಂತು.

ಇನ್ನು ಗೆಳೆತನ. ‘ಇಲ್ಲಿ ಯಾರೂ ನಮ್ಮವರಾಗುವುದಿಲ್ಲ’ ಎಂಬ ತೀರ್ಮಾನಕ್ಕೆ ಜನ ಮೂರನೇ ವಾರಕ್ಕೇ ಬರುತ್ತಾರೆ. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಕೊಟ್ಟ ಅಂದಾಜಿನಂತೆ, ಬರಿ ಪರಿಚಯ ಸಾಧಾರಣ ಸ್ನೇಹವಾಗಲು ಜೊತೆಯಲ್ಲಿ ಕಳೆದ ಸುಮಾರು 50 ಗಂಟೆ ಬೇಕು, ಗೆಳೆತನಕ್ಕೆ 90, ಆಪ್ತತೆಗೆ 200ಕ್ಕೂ ಹೆಚ್ಚು. ಅದರಲ್ಲಿ ಬರಿ ಕೆಲಸದ ಗಂಟೆಗಳು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ವಾರಕ್ಕೆ ಎರಡು ಗಂಟೆ ಸಿಕ್ಕರೆ 50 ಗಂಟೆಗೆ 25 ವಾರ, ಅರ್ಧ ವರ್ಷ. ಅಂದರೆ ಮೂರನೇ ವಾರದಲ್ಲಿ ನಿಮಗೆ ಗೆಳೆಯರಿಲ್ಲದಿರುವುದು ನಿಮ್ಮ ಕೊರತೆಯಲ್ಲ, ಲೆಕ್ಕ ಇನ್ನೂ ಕೂಡಿಲ್ಲ.

ಆದ್ದರಿಂದ ಹೊಸ ಹೊಸ ಜನರನ್ನು ಭೇಟಿಯಾಗುತ್ತ ಓಡಾಡಬೇಡಿ. ಅದೇ ಜಾಗ, ವಾರದ ಅದೇ ದಿನ, ಅದೇ ಹೊತ್ತು, ಅದೇ ಮುಖಗಳು ಸಿಗುವ ಒಂದೇ ಒಂದು ಚಟುವಟಿಕೆ ಆರಿಸಿ: ಆಟ, ಸಂಗೀತದ ತರಗತಿ, ಗ್ರಂಥಾಲಯದ ಓದುಕೂಟ, ಸ್ವಯಂಸೇವೆ, ಏನಾದರೂ. ಮಾತು ಬಾರದವರು ಕೈಗೆ ಕೆಲಸವಿರುವಂಥದ್ದನ್ನು ಆರಿಸಿದರೆ ಸುಲಭ. ಹತ್ತು ಸಲ ಹೋಗುವವರೆಗೂ ಇಷ್ಟವಾಯಿತೇ ಇಲ್ಲವೇ ಎಂದು ಕೇಳಿಕೊಳ್ಳಬೇಡಿ.

ರಜೆಯ ದಿನಗಳದ್ದು ಬೇರೆಯೇ ಪಾಡು. ಶುಕ್ರವಾರ ಸಂಜೆಯಿಂದ ಬಾಯಿ ತೆರೆಯದೆ ಸೋಮವಾರ ಬೆಳಿಗ್ಗೆ ಯಾರಿಗೋ ನಮಸ್ಕಾರ ಹೇಳುವಾಗ ನಿಮ್ಮ ದನಿ ನಿಮಗೇ ಕಟ್ಟಿದಂತೆ, ಬೇರೆಯವರದ್ದರಂತೆ ಕೇಳುತ್ತದೆ. ಅದು ಆದರೆ ಎಚ್ಚರಾಗಿ. ರಜೆಯ ದಿನ ಮಧ್ಯಾಹ್ನ ಹನ್ನೆರಡರೊಳಗೆ ಮನೆಯಿಂದ ಹೊರಗಿನ ಒಂದು ಕೆಲಸ ಇಟ್ಟುಕೊಳ್ಳಿ, ಒಬ್ಬರೊಡನೆಯಾದರೂ ಎರಡು ಮಾತಾಡಿಸುವಂಥದ್ದು. ಮಧ್ಯಾಹ್ನ ದಾಟಿದರೆ ಹೊರಡುವುದಿಲ್ಲ, ನನ್ನ ಮಾತು ನಂಬಿ.

ಏಕಾಂತ ಹಿತವಾಗಿರುವವರೂ ಇದ್ದಾರೆ, ಅವರನ್ನು ಎಳೆದಾಡಬೇಕಿಲ್ಲ. ಆದರೆ ಎರಡು ವಾರ ಕಳೆದರೂ ಹೆಚ್ಚಿನ ದಿನ ಮನಸ್ಸು ಕುಸಿದಿದ್ದರೆ, ಮೊದಲು ಹಿಡಿಸುತ್ತಿದ್ದುದು ಯಾವುದೂ ಹಿಡಿಸದಿದ್ದರೆ, ನಿದ್ದೆ ಹಸಿವು ಬದಲಾಗಿದ್ದರೆ ಅದು ಬರಿ ಮನೆಯ ನೆನಪಲ್ಲ, ವೈದ್ಯರನ್ನು ಕಾಣಿ. ಒಬ್ಬರೇ ಕೂತು ಕುಡಿಯುವುದು ನಿದ್ದೆಯ ಮಾತ್ರೆಯಂತೆ ರೂಢಿಯಾಗುತ್ತಿದ್ದರೂ ಅಷ್ಟೇ. ಬದುಕಿರುವುದೇ ಬೇಡ ಎಂಬ ಯೋಚನೆ ಸುಳಿದರೆ ಅದನ್ನು ಒಬ್ಬರೇ ಇಟ್ಟುಕೊಂಡು ರಾತ್ರಿ ಕಳೆಯಬೇಡಿ. ಆ ಕ್ಷಣವೇ ಮೂವರಲ್ಲಿ ಒಬ್ಬರಿಗೆ, ಇಲ್ಲವೇ ಸಹಾಯವಾಣಿಗೆ, ತುರ್ತು ಸೇವೆಗೆ ಕರೆ ಮಾಡಿ. ಹೊತ್ತಲ್ಲದ ಹೊತ್ತು ಎಂದು ಅಳುಕಬೇಡಿ.

## ಹಂತ 8: ಮನೆಯವರೊಡನೆ ಮಾತು

ಇಲ್ಲಿ ಎರಡು ತಪ್ಪು, ಎರಡೂ ಪ್ರೀತಿಯಿಂದಲೇ ಆಗುವಂಥವು. ಒಂದು, ಎಲ್ಲ ಚೆನ್ನಾಗಿದೆ ಎಂದು ತಿಂಗಳುಗಟ್ಟಲೆ ಸುಳ್ಳು ಹೇಳುವುದು. ಇನ್ನೊಂದು, ಕಣ್ಣು ತುಂಬಿದಾಗ ಮಾತ್ರ ಕರೆ ಮಾಡುವುದು. ರಾತ್ರಿ ಅತ್ತು ಹಗುರಾಗಿ ಮಲಗಿದ ನೀವು ಬೆಳಿಗ್ಗೆ ಸರಿಹೋಗಿರುತ್ತೀರಿ, ಅವರು ಒಂದು ವಾರ ಸರಿಹೋಗುವುದಿಲ್ಲ.

ವಾರಕ್ಕೆ ಎರಡು ಮೂರು ನಿಗದಿತ ಹೊತ್ತು ಇಡಿ, ಕಾಲವಲಯ ಬೇರೆಯಿದ್ದರೆ ಅವರ ಅನುಕೂಲದ ಹೊತ್ತು. ಒಂದು ಕರೆಗೆ ಒಂದಾದರೂ ನಿಜವಾದ ಕಷ್ಟ ಹೇಳಿ, ಅದಕ್ಕೆ ನೀವು ಏನು ಮಾಡುತ್ತಿದ್ದೀರಿ ಎಂಬುದನ್ನೂ ಸೇರಿಸಿ. ಅವರ ಕಡೆಯ ಸಣ್ಣಪುಟ್ಟದ್ದನ್ನು ಹೆಸರು ಹಿಡಿದು ಕೇಳಿ. ‘ಎಲ್ಲಾ ಆರಾಮಾ’ ಎಂದರೆ ‘ಆರಾಮ’ ಎಂಬ ಉತ್ತರವೇ ಬರುವುದು. ಮತ್ತು ಒಂದು ಒಪ್ಪಂದ ಮಾಡಿಕೊಳ್ಳಿ: ಕರೆ ತಪ್ಪಿದರೆ ಇಷ್ಟು ಗಂಟೆ ಕಾಯಿರಿ, ಆಮೇಲೆ ಈ ನಂಬರಿಗೆ ಮಾಡಿ. ಗಂಟೆಯನ್ನು ಸ್ಪಷ್ಟವಾಗಿ ಹೇಳಿ. ನಮ್ಮ ಮನೆಯಲ್ಲಿ ಅದು 24.

## ಹಂತ 9: ಮೊದಲ ಸಲ ಊರಿಗೆ, ಮತ್ತೆ ಈ ಮನೆಗೆ

ಮೊದಲ ತಿಂಗಳೊಳಗೆ ಮನೆಗೆ ಓಡಬೇಡಿ, ಹಾಗೆಂದು ವರ್ಷ ತುಂಬುವವರೆಗೂ ಹಠ ಹಿಡಿಯಲೂಬೇಡಿ. 60ರಿಂದ 90ನೇ ದಿನದ ನಡುವೆ ಒಂದು ತಾರೀಕು ಮುಂಚೆಯೇ ಗೊತ್ತುಮಾಡಿ. ತಾರೀಕು ಇದ್ದರೆ ಎರಡನೇ ತಿಂಗಳನ್ನು ದಾಟಬಹುದು.

ನಿಜವಾದ ಪೆಟ್ಟು ಹೋಗುವಾಗಲ್ಲ, ಮರಳಿ ಬಂದ ರಾತ್ರಿ. ತುಂಬಿದ ಮನೆಯಿಂದ ಬಂದು ಈ ಬಾಗಿಲು ತೆರೆದರೆ ಮುಗ್ಗಲು ವಾಸನೆ, ಕತ್ತಲು, ಕಸದ ಬುಟ್ಟಿಯಲ್ಲಿ ನೀವೇ ಬಿಟ್ಟುಹೋದದ್ದು. ಅದಕ್ಕೆ ಹೊರಡುವ ಹಿಂದಿನ ದಿನವೇ ಮರಳಿ ಬರುವವರಿಗಾಗಿ ಮನೆ ಸಿದ್ಧಮಾಡಿ:

1. ಕಸ ಹೊರಗೆ ಹಾಕಿ, ಕೆಡುವಂಥದ್ದನ್ನೆಲ್ಲ ಖಾಲಿ ಮಾಡಿ.
2. ನೀರಿನ ಮುಖ್ಯ ವಾಲ್ವು, ಗ್ಯಾಸು ಮುಚ್ಚಿ, ಫ್ರಿಜ್ಜು ಬಿಟ್ಟು ಉಳಿದ ಪ್ಲಗ್ಗು ಕಿತ್ತಿಡಿ.
3. ಹಾಸಿಗೆಗೆ ಒಗೆದ ಹೊದಿಕೆ ಹಾಕಿ, ಮಡಿಸಿದ ಟವೆಲು ಮೇಲಿಡಿ.
4. ಫ್ರೀಜರಿನಲ್ಲಿ ಒಂದು ಹೊತ್ತಿನ ಊಟ, ತಾರೀಕಿನ ಚೀಟಿಯೊಂದಿಗೆ.
5. ನೆರೆಯವರಿಗೆ ಹೋಗುವ, ಬರುವ ದಿನ ಹೇಳಿ.

ಸಾಧ್ಯವಾದರೆ ಕೆಲಸಕ್ಕೆ ಹಾಜರಾಗುವ ಹಿಂದಿನ ರಾತ್ರಿಯಲ್ಲ, ಒಂದು ದಿನ ಮುಂಚೆ ಹಗಲಿನಲ್ಲಿ ಬನ್ನಿ. ಬಂದ ಕೂಡಲೇ ಕಿಟಕಿ ತೆರೆಯಿರಿ. ವಾರಕ್ಕೂ ಹೆಚ್ಚು ನಿಂತ ಪೈಪಿನ ನೀರನ್ನು ಕುಡಿಯುವ ಮುಂಚೆ ಕೆಲವು ನಿಮಿಷ ಹರಿಯಲು ಬಿಡಿ, ಶವರ್ ತಲೆಯಿಂದ ಬರುವುದನ್ನೂ ಹಾಗೆಯೇ. ಅದು ಹರಿಯುತ್ತಿರುವಾಗ ಫ್ರೀಜರಿನ ಡಬ್ಬಿ ಹೊರಗೆ ತೆಗೆದು ಬಿಸಿಗಿಡಿ, ಮನೆಗೆ ‘ತಲುಪಿದೆ’ ಎಂದು ಸಂದೇಶ ಹಾಕಿ, ಪಕ್ಕದ ಬಾಗಿಲು ತಟ್ಟಿ ಬಂದಿದ್ದೇನೆ ಎಂದು ಹೇಳಿ ಬನ್ನಿ.